ತಟ್ಟೆಯ ಎಡಭಾಗ

ಕೊರೊನಾ ಹಾವಳಿ ತಗ್ಗಿದ ಮರುವರ್ಷದ ಜೂನ್ ತಿಂಗಳು. ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಇ.ಇ.ಜಿ. ತಂತ್ರಜ್ಞನಾಗಿದ್ದೆ, ನಿವೃತ್ತಿ ಹತ್ತಿರವಿತ್ತು. ರೋಗಿಯ ತಲೆಗೆ ಅಂಟು ಹಚ್ಚಿ, ತಂತಿಗಳನ್ನು ಕೂರಿಸಿ, ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವುದು ನನ್ನ ಕೆಲಸ. ಪಿ.ಯು.ಸಿ.ಯನ್ನು ದಾಟಲಾಗದ ನಾನು ಈ ವಿದ್ಯೆಯನ್ನು ಹಳೆಯ ಪುಸ್ತಕಗಳಿಂದಲೂ ವೈದ್ಯರ ಬೈಗುಳಗಳಿಂದಲೂ ಕಲಿತವನು. ಅದಕ್ಕೋ ಏನೋ, ಯಾರು ಹೇಳಿದ್ದನ್ನೂ ತಿರುಗಿಸಿ ನೋಡದೆ ಒಪ್ಪುವ ಅಭ್ಯಾಸ ನನಗಿಲ್ಲ. ಮನುಷ್ಯ ತನ್ನ ಮಿದುಳಿನ ಹತ್ತನೆಯ ಒಂದು ಪಾಲನ್ನಷ್ಟೇ ಬಳಸುತ್ತಾನೆಂದು ಸಾರಿದ ಭಾಷಣಕಾರರೊಬ್ಬರನ್ನು, ಉಳಿದ ಪಾಲನ್ನು ಅಳೆದವರು ಯಾರೆಂದು ಸಭೆಯಲ್ಲೇ ಕೇಳಿ, ಹೊಳೆನರಸೀಪುರದಿಂದ ಊಟವಿಲ್ಲದೆ ಹಿಂದಿರುಗಿದ್ದೂ ಉಂಟು.

ಆ ದಿನ ಬಾಗೂರಿನಿಂದ ಪುಟ್ಟಬಸಪ್ಪನವರು ಬಂದರು. ರಾಗಿ, ಹುರುಳಿ, ಅವರೆಯ ಹಳೆಯ ವ್ಯಾಪಾರಿ. ಕೆಲವು ವಾರಗಳ ಹಿಂದೆ ಅವರಿಗೆ ಸಣ್ಣದೊಂದು ಸ್ಟ್ರೋಕ್ ಆಗಿತ್ತು. ಕೈಕಾಲು, ಮಾತು ಎಲ್ಲ ಸರಿಹೋಗಿದ್ದರೂ, ಹತ್ತಿರವೇ ನಿಂತು ಕೂಗಿದ ಗಿರಾಕಿಯನ್ನೂ ಕೆಲವೊಮ್ಮೆ ಮಾತನಾಡಿಸುವುದಿಲ್ಲವೆಂಬ ದೂರು ಹಬ್ಬಿತ್ತು. ಚನ್ನರಾಯಪಟ್ಟಣದಲ್ಲಿದ್ದ ಮಗ, ತಂದೆಗೆ ಅರಳುಮರಳೆಂದು ತೀರ್ಮಾನಿಸಿ ಕಾಳಿನ ಮಂಡಿಯ ಬಾಗಿಲು ಹಾಕಿಸಿದ್ದರು. ಮತ್ತೆ ತೆರೆಯಬೇಕೋ ಬೇಡವೋ ಎಂಬುದು ಅಂದು ವೈದ್ಯರು ಹೇಳುವ ಮಾತಿನ ಮೇಲೆ ನಿಂತಿತ್ತು.

ಜೊತೆಗೆ ಬಂದವಳು ಮೊಮ್ಮಗಳು ಸಿಂಚನ, ಹಾಸನದಲ್ಲಿದ್ದ ಮಗಳ ಮಗಳು. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ನ್ಯೂರೋಸೈನ್ಸ್ ಪದವಿಯ ಎರಡನೆಯ ವರ್ಷ ಮುಗಿಸಿ ರಜೆಗೆ ಬಂದಿದ್ದಳು.

“ಹಾಗಾದರೆ ಡಾಕ್ಟರಾಗ್ತೀಯೇನಮ್ಮ?” ಎಂದೆ.

“ಇಲ್ಲ ಅಂಕಲ್. ಇದು ಬರೀ ಡಿಗ್ರಿ. ಕೆಮಿಸ್ಟ್ರಿ, ಸೈಕಾಲಜಿ, ಫಿಲಾಸಫಿ ಎಲ್ಲಾ ಓದಿಸ್ತಾರೆ. ಊರಲ್ಲಿ ಮಾತ್ರ ಎಲ್ಲರೂ ತಲೆನೋವಿಗೆ ಮಾತ್ರೆ ಕೇಳ್ತಾರೆ.”

“ನನ್ನ ಮಂಡಿನೋವ್ಗೂ ಕೇಳ್ದೆ, ಕೊಡ್ಲಿಲ್ಲ ಕಣಪ್ಪಾ,” ಎಂದರು ತಾತ.

ಪುಟ್ಟಬಸಪ್ಪನವರ ಅಲೆಗಳು ಸಮವಾಗಿಯೇ ಬಂದವು. ವೈದ್ಯರು ಬರುವುದು ತಡವಿತ್ತು. ಅಷ್ಟರಲ್ಲಿ ತಾನು ಕಲಿತ ಒಂದೆರಡು ಪರೀಕ್ಷೆಗಳನ್ನು ಮಾಡಿ ನೋಡಲೇ ಎಂದಳು ಸಿಂಚನ. ರೋಗನಿರ್ಣಯ ನಿನ್ನ ಕೆಲಸವಲ್ಲ, ಕಂಡದ್ದನ್ನು ವೈದ್ಯರಿಗೆ ಹೇಳಬೇಕಷ್ಟೆ ಎಂದು ಎಚ್ಚರಿಸಿ ಒಪ್ಪಿದೆ. ಅವಳು ಚೀಲದಲ್ಲಿ ತಂದಿದ್ದ ಅಂಗಿಯ ಗುಂಡಿಗಳನ್ನು ಮೇಜಿನ ಮೇಲೆ ಹರಡಿ, ಎಣಿಸುತ್ತ ಬಟ್ಟಲಿಗೆ ಹಾಕುವಂತೆ ತಾತನಿಗೆ ಹೇಳಿದಳು.

“ಲಾಭ... ಎರಡು... ಮೂರು...”

ಮತ್ತೆ ಮಾಡಿಸಿದಳು. ಮತ್ತೆ ಲಾಭ. ಹುಡುಗಿಯ ಮುಖ ಬಿಳಿಚಿತು. ನನ್ನನ್ನು ಪಕ್ಕಕ್ಕೆ ಕರೆದು, “ಒಂದು ಅನ್ನೋ ಪದಾನೇ ಸಿಗ್ತಿಲ್ಲ ಅಂಕಲ್. ಭಾಷೆಯ ಭಾಗಕ್ಕೇ ಪೆಟ್ಟು ಬಿದ್ದಿದೆ,” ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಕೊಣನೂರಿನ ಸಂತೆಯಲ್ಲಿ ಬೆಳೆದವನು ನಾನು. ಕಾಳು ಅಳೆಯುವಾಗ ಮೊದಲ ಅಳತೆಗೆ ಯಾವ ವ್ಯಾಪಾರಿಯೂ ‘ಒಂದು’ ಎನ್ನುವುದಿಲ್ಲ; ‘ಲಾಭ’ ಎಂದು ಶುಭದಿಂದ ಶುರುಮಾಡಿ ಎರಡಕ್ಕೆ ಹೋಗುತ್ತಾನೆ. ಕೈಯಿಂದ ಪಾತ್ರೆಗೆ ಏನಾದರೂ ಬೀಳತೊಡಗಿದರೆ ಪುಟ್ಟಬಸಪ್ಪನವರ ನಾಲಿಗೆ ಆ ಜಾಡನ್ನೇ ಹಿಡಿಯುತ್ತದೆ. ಹಾಸನದಲ್ಲಿ ಪ್ಯಾಕೆಟ್ ರಾಗಿಹಿಟ್ಟು ಕಂಡು ಬೆಳೆದ ಮೊಮ್ಮಗಳಿಗೆ ಇದು ತಿಳಿದಿರಲಿಲ್ಲ.

ತಾತ ಕೆಣಕಿದರು: “ಏನವ್ವಾ, ಅಮೆರಿಕದೋರು ನಷ್ಟದಿಂದ ಎಣಿಸ್ತಾರಾ?”

ಅವಳೂ ನಕ್ಕಳು. ನಾನು ಹುಮ್ಮಸ್ಸಿನಲ್ಲಿದ್ದೆ. “ನೋಡಮ್ಮಾ, ಎಲ್ಲಿಯೋ ಕುಳಿತು ಬರೆದ ಪರೀಕ್ಷೆಗಳ ಹಣೆಬರಹ ಇಷ್ಟೇ. ಅಲೆಗಳೂ ಸರಿಯಾಗಿವೆ. ನಿಮ್ಮ ತಾತ ಗಟ್ಟಿಯಾಗಿದ್ದಾರೆ. ಮಂಡಿ ತೆರೆಸಿ,” ಎಂದೆ.

ಅವಳು ತಲೆಯಾಡಿಸಲಿಲ್ಲ. “ನಮ್ಮ ಲ್ಯಾಬಲ್ಲಿ ಒಂದು ಪದ್ಧತಿ ಇದೆ ಅಂಕಲ್. ನನ್ನ ಊಹೆ ತಪ್ಪು ಅಂತ ತೋರಿಸೋದು ಯಾವುದು, ಅದನ್ನ ಮೊದಲು ಹುಡುಕಬೇಕು. ನನ್ನ ಊಹೆ ತಪ್ಪಾಯ್ತು, ಸರಿ. ಈಗ ನಿಮ್ಮದನ್ನ ನೋಡೋಣ. ತಾತ ಗಟ್ಟಿಯಾಗಿದ್ರೆ ಗಿರಾಕಿಗಳ ದೂರು ಯಾಕೆ ಬಂತು?”

ಅವಳೇ ಎದುರಿನ ಅಂಗಡಿಯಿಂದ ಹೆಸರುಕಾಳನ್ನೂ ಹುರುಳಿಯನ್ನೂ ತಂದು, ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಬೆರೆಸಿ ಹರಡಿದಳು. “ತಾತ, ಹುರುಳಿ ಎಲ್ಲಾ ಆರಿಸಿಡಿ. ಒಂದೂ ಬಿಡಬಾರದು.”

“ಇದೇನ್ ಮಹಾ ವಿದ್ಯೆ ಅಂತ!” ಎನ್ನುತ್ತ ಅವರು ಶುರುಮಾಡಿದರು. ಆ ಬೆರಳುಗಳ ಚುರುಕು ನೋಡುವಂತಿತ್ತು. ಸ್ವಲ್ಪ ಹೊತ್ತಿನಲ್ಲಿ ಕೈ ಒದರಿ, “ಆಯ್ತು ಕಣವ್ವಾ,” ಎಂದು ಗೆದ್ದವರಂತೆ ಹಿಂದಕ್ಕೆ ಒರಗಿದರು.

ತಟ್ಟೆಯ ಬಲಭಾಗದಲ್ಲಿ ಹೆಸರುಕಾಳು ಮಾತ್ರ ಉಳಿದಿತ್ತು. ಎಡಭಾಗದ ಹುರುಳಿ ಒಂದೂ ಕದಲಿರಲಿಲ್ಲ.

ಸಿಂಚನ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ತಾತ ಬೆಚ್ಚಿದರು. “ಅರೆ! ಇವೆಲ್ಲಿದ್ವವ್ವಾ?”

ಕಣ್ಣು ಚೆನ್ನಾಗಿದ್ದರೂ, ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದಾಗ ಎಡಗಡೆಯ ಲೋಕಕ್ಕೆ ಗಮನ ಹೋಗದಿರಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ನೆಗ್ಲೆಕ್ಟ್ ಎನ್ನುತ್ತಾರೆ. ಮಂಡಿಯಲ್ಲಿ ಎಡಕ್ಕೆ ನಿಂತ ಗಿರಾಕಿಗಳೇ ಅವರ ಗಮನಕ್ಕೆ ಬಿದ್ದಿರಲಿಲ್ಲ. ಈ ಪದವನ್ನು ನಾನು ಎಷ್ಟೋ ಸಲ ಓದಿದ್ದೆ. ಅಲೆಗಳು ಸಮವಾಗಿದ್ದರೂ ಇಂಥ ಕೊರತೆ ಇರಬಲ್ಲದೆಂಬುದನ್ನು ಮಾತ್ರ ಆ ಗಳಿಗೆಯ ಗೆಲುವು ಮರೆಸಿತ್ತು.

ವೈದ್ಯರು ಬಂದು ತಾವೂ ಪರೀಕ್ಷಿಸಿ, ಹುಡುಗಿಯ ಗ್ರಹಿಕೆ ಸರಿಯೆಂದರು. ಇದು ಅರಳುಮರಳಲ್ಲ, ಅಭ್ಯಾಸದಿಂದ ಬಹುಮಟ್ಟಿಗೆ ಸುಧಾರಿಸಬಹುದು. ಸ್ಕೂಟರ್ ಓಡಿಸುವುದು ಸದ್ಯಕ್ಕೆ ಬೇಡ, ಮಂಡಿಯಲ್ಲಿ ಕೂರಲು ಅಡ್ಡಿಯಿಲ್ಲ, ಜೊತೆಗೊಬ್ಬರಿರಲಿ ಎಂದು ಮಗನಿಗೆ ಫೋನಿನಲ್ಲಿ ತಿಳಿಸಿದರು.

ತಾತನ ಮುಖ ಅರಳಿತು. “ಅಂಗಾದ್ರೆ ಉದ್ರಿ ಕೇಳೋರ್ನೆಲ್ಲ ಎಡಗಡೇನೇ ಕೂರ್ಸು ಕಣವ್ವಾ!”

ರಜೆ ಮುಗಿಯುವವರೆಗೂ ಸಿಂಚನ ದಿನವೂ ತಾತನಿಂದ ಕಾಳು ಆರಿಸುವ ಅಭ್ಯಾಸ ಮಾಡಿಸಿದಳು. ಮುಗಿಯಿತೆನ್ನುವ ಮೊದಲು ತಟ್ಟೆಯ ಎಡ ಅಂಚನ್ನು ಕೈಯಿಂದ ಮುಟ್ಟಿ ನೋಡಬೇಕೆಂಬುದು ಅವಳ ಕಟ್ಟಪ್ಪಣೆ. ಅವಳು ಹಿಂದಿರುಗಿದ ಮೇಲೊಮ್ಮೆ ನಾನು ಬಾಗೂರಿಗೆ ಹೋದೆ. ಮಂಡಿ ತೆರೆದಿತ್ತು. ಬೇಕೆಂದೇ ಸದ್ದಿಲ್ಲದೆ ಹೋಗಿ ಅವರ ಎಡಕ್ಕೆ ನಿಂತೆ. ಪುಟ್ಟಬಸಪ್ಪನವರು ರಾಗಿ ಅಳೆಯುವುದನ್ನು ನಿಲ್ಲಿಸಿ, ನಿಧಾನವಾಗಿ ಕತ್ತನ್ನು ಪೂರ್ತಿ ತಿರುಗಿಸಿದರು.

“ಏನ್ ಸಾ, ಕದ್ದು ಪರೀಕ್ಷೆ ಮಾಡಕ್ ಬಂದ್ರಾ? ಕೂತ್ಕಳಿ, ಕಾಫಿ ತರಿಸ್ತೀನಿ.”

ಸಂಶಯವೇ ನನ್ನ ವಿದ್ಯೆಯೆಂದು ನಾನು ಎದೆಯುಬ್ಬಿಸಿ ನಡೆದವನು. ಬೇರೆಯವರ ಮಾತನ್ನು ಬೀಳಿಸಿದ ಕೂಡಲೇ ಸಂಶಯದ ಕೆಲಸ ಮುಗಿಯುವುದಿಲ್ಲ, ನಮ್ಮ ಮಾತು ನಿಲ್ಲುವುದೇ ಎಂದು ನೋಡುವ ಕೆಲಸ ಆಗ ಶುರುವಾಗುತ್ತದೆ. ವೃತ್ತಿಯ ಕೊನೆಯ ವರ್ಷದಲ್ಲಿ ಇದನ್ನು ಕಲಿಸಿದ್ದು ಒಂದು ತಟ್ಟೆ ಹುರುಳಿ. ತಡವಾಯಿತೆಂಬ ಬೇಸರ ನನಗಿಲ್ಲ.