ಒಂದು ಪಾವು ಬೂದಿ

ನಾನು ಹುಟ್ಟಿದ್ದೂ ಕುಂಬಾರರ ಮನೆಯಲ್ಲಿ, ಸೇರಿದ್ದೂ ಕುಂಬಾರರ ಮನೆಯನ್ನೇ. ಎರಡೂ ಕಡೆ ಹೆಂಗಸರು ಮಣ್ಣು ತುಳಿಯಬಹುದು, ಮಡಕೆ ಹೊತ್ತು ಮಾರಬಹುದು. ತಿಗರಿ ಮಾತ್ರ ಮುಟ್ಟಬಾರದು. ಈ ಶಾಸ್ತ್ರ ಮಾಡಿಟ್ಟ ಹಿರಿಯರು ಮಡಕೆಗೆ ಹಚ್ಚಿ ಸುಡುವ ಗಾಜಿನ ಮೆರುಗನ್ನು ಕಂಡವರಲ್ಲ. ಅದನ್ನೂ ಮುಟ್ಟಬಾರದೆಂದು ಹೇಳಿಡಲು ಮರೆತರು, ನಾನು ಆ ಸಂದಿಯಲ್ಲಿ ನುಗ್ಗಿದೆ.

ನಮ್ಮ ಯಜಮಾನರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸಕ್ಕಿದ್ದರು. ರಜೆಯ ದಿನ ತಿಗರಿ ತಿರುಗಿಸುತ್ತಿದ್ದರು. ಜನ್ನಾಪುರದ ನಮ್ಮ ಹಿತ್ತಲಿನಲ್ಲಿ ಅವರೇ ಇಟ್ಟಿಗೆಯಿಂದ ಆವಿಗೆಯೊಂದನ್ನು ಕಟ್ಟಿದರು. ಮಡಕೆ ಸುಡುವುದಕ್ಕಿಂತ ಹೆಚ್ಚು ಕಾವು, ಪಿಂಗಾಣಿಗೆ ಬೇಕಾದಷ್ಟಲ್ಲ, ನಡುವಿನದು. ಉರಿಯ ಬಣ್ಣ ನೋಡಿ ಕಾವು ಹೇಳುವುದು ಅವರ ಕೆಲಸ. ಆ ಕಾವಿಗೆ ಕರಗುವ ಮೆರುಗು ಕಲಸುವುದು ನನ್ನದು. ಒಡೆದ ಸೋಡಾ ಬಾಟಲಿಗಳನ್ನು ಕುಟ್ಟಿ ಜರಡಿ ಹಿಡಿದ ಪುಡಿ, ಒಲೆಯ ಬೂದಿ, ಬಿಳಿ ಜೇಡಿಮಣ್ಣು. ಇದಕ್ಕೆ ಕಬ್ಬಿಣದ ತುಕ್ಕು ಸೇರಿಸಿದರೆ ಕಂದು. ತಾಮ್ರ ಬಡಿಯುವಾಗ ಉದುರುವ ಕಪ್ಪು ಪುಡಿ ಸೇರಿಸಿದರೆ ಹಸಿರು. ಮಣ್ಣಿನ ಸಣ್ಣ ಬಿಲ್ಲೆಗಳನ್ನು ಅದ್ದಿ, ಗುರುತಿಗೆ ಹಿಂದೆ ಗೀಟು ಹಾಕಿ, ಸುಟ್ಟು ನೋಡುತ್ತಿದ್ದೆ. ಕಂದು ಬೇಗ ಹೇಳಿದ ಮಾತು ಕೇಳಿತು. ಹಸಿರು ಮಾತ್ರ ನಮ್ಮ ಅತ್ತೆಯ ಹಾಗೆ, ಯಾವಾಗಲೂ ಮುಖ ಗಂಟಿಕ್ಕಿಕೊಂಡೇ ಹೊರಗೆ ಬರುತ್ತಿತ್ತು.

ಒಮ್ಮೆ ನಾನು ಮೂರು ದಿನ ಹೊರಗೆ ಕೂತಿದ್ದಾಗಲೇ ಆವಿಗೆ ತುಂಬುವ ದಿನ ಬಂತು. ನಾನು ಏನನ್ನೂ ಮುಟ್ಟುವಂತಿಲ್ಲ. ನಾನು ಅಳೆಯುತ್ತಿದ್ದ ತೆಂಗಿನ ಚಿಪ್ಪನ್ನು ಅತ್ತೆ ಮುಟ್ಟಲೊಲ್ಲರು. ಕೊನೆಗೆ ಅಕ್ಕಿ ಅಳೆಯುವ ತಮ್ಮ ಹಿತ್ತಾಳೆ ಪಾವನ್ನೇ ತಂದರು. ನಾನು ಕೊಟ್ಟಿಗೆಯಿಂದ ಕೂಗಿ ಲೆಕ್ಕ ಹೇಳಿದೆ, ಅವರು ನನಗೆ ಬೆನ್ನು ಹಾಕಿ ಅಳೆದರು.

"ಅನ್ನದ ಪಾವಲ್ಲಿ ಬೂದಿ ಅಳೆಸ್ತೀಯಲ್ಲೇ ಮಾರಾಯ್ತಿ!"

ಆ ಸಲ ಆ ಮೆರುಗಿನಲ್ಲಿ ಅದ್ದಿದ್ದ ಒಂದೇ ಜಾಡಿ ಎಳೆ ಮಾವಿನಕಾಯಿಯ ಸಿಪ್ಪೆಯಷ್ಟು ಹಸಿರಾಗಿ, ಮುಖ ಕಾಣುವಷ್ಟು ಹೊಳೆಯುತ್ತ ಬಂತು. ಯಜಮಾನರು ಅದನ್ನು ಶಿವಮೊಗ್ಗದ ಕೋಟೆಯ ಅಂಗಡಿಯ ಸಾಹುಕಾರರಿಗೆ ತೋರಿಸಿದರು. ಉಪ್ಪಿನಕಾಯಿಗೆ ಇಂಥವೇ ಹನ್ನೆರಡು ಬೇಕು, ಒಂದರ ಬಣ್ಣ ಬೇರೆಯಾದರೂ ಬೇಡ ಎಂದರಂತೆ. ಇವರು ಹೂಂ ಅಂದು ಬಂದರು.

ಮತ್ತೆ ನಾನೇ ಕಲಸಿದೆ. ಅದೇ ಲೆಕ್ಕ, ಅದೇ ಸಾಮಾನು. ಎರಡು ಸಲ ಸುಟ್ಟರೂ ಬಿಲ್ಲೆಗಳೆಲ್ಲ ಪಾಚಿಯ ಬಣ್ಣಕ್ಕೆ, ಒರಟೊರಟಾಗಿ ಬಂದವು. "ಎಲ್ಲಾ ಕೈಗುಣ ಕಣೇ" ಎಂದು ಅತ್ತೆ ತಮ್ಮ ಅಂಗೈಯನ್ನು ನನ್ನ ಮುಖದೆದುರು ಹಿಡಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಇನ್ನೊಂದೇ ಸಲ" ಎಂದರು ಯಜಮಾನರು. "ಬರ್ಲಿಲ್ಲ ಅಂದ್ರೆ ಆವಿಗೆ ಕೆಡವಿ, ಆ ಇಟ್ಟಿಗೇಲಿ ಬಚ್ಚಲು ಕಟ್ಟಿಸ್ತೀನಿ."

ಅವರಿಗೇನು, ಕಾರ್ಖಾನೆಯಿತ್ತು. ಆ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದ ಕೆಲಸ ಅದೊಂದೇ. ಅದು ಹೋದರೆ ಮತ್ತೆ ಮಣ್ಣು ತುಳಿಯುವುದೇ ಗತಿ. ಆ ವಾರ ನನಗೆ ಅನ್ನ ಸೇರಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಪಾತ್ರೆ ಉಜ್ಜಲು ಬೂದಿ ಕೇಳಿಕೊಂಡು ಬಂದಳು. ಅತ್ತೆ ಅವಳ ತಗಡಿನ ಡಬ್ಬಿಗೆ ಬೂದಿ ತುಂಬಿ, ಅಂಗೈಯಲ್ಲಿ ಒತ್ತಿ, ಮತ್ತೆ ತುಂಬಿ, ಮೇಲೊಂದು ಗೋಪುರ ಕಟ್ಟಿ ಕೊಟ್ಟರು. ನಾನು ಕೈಯಲ್ಲಿದ್ದ ಮೊರವನ್ನು ಅಲ್ಲೇ ಬಿಟ್ಟೆ.

"ಅತ್ತೇ, ಅವತ್ತೂ ಬೂದೀನ ಹಿಂಗೇ ಅಳೆದ್ರಾ?"

"ಮತ್ತೆ? ಬೂದಿಗೂ ತಲೆ ಸವರಿ ಅಳೀತಾರಾ ಯಾರಾದ್ರೂ? ಗಾಜಿನ ಪುಡಿ ಮಾತ್ರ ಸವರಿದೆ. ಅಷ್ಟು ಕುಟ್ಟಿ ಮಾಡಿದ್ದು, ದಂಡ ಯಾಕೆ ಮಾಡ್ಲಿ?"

ನಾನು ಎಲ್ಲವನ್ನೂ ಬೆರಳಿನಿಂದ ಸವರಿ, ಮಟ್ಟ ಮಾಡಿ ಅಳೆಯುತ್ತಿದ್ದೆ. ಅದೇ ಅಚ್ಚುಕಟ್ಟು ಎಂದು ಜಂಬ ಬೇರೆ. ಗಾಜನ್ನು ಕರಗಿಸುವ ಬೂದಿಯೇ ಕಡಿಮೆಯಾಗಿ ನಮ್ಮ ಕಾವಿಗೆ ಅದು ಪೂರ್ತಿ ಕರಗುತ್ತಿರಲಿಲ್ಲ, ಅಷ್ಟೆ.

ಅಂದೇ ನಾಲ್ಕು ಬಿಲ್ಲೆ ಮಾಡಿದೆ. ಒಂದಕ್ಕೆ ಮಟ್ಟದ ಬೂದಿ, ಒಂದಕ್ಕೆ ಗೋಪುರದ್ದು, ಒಂದಕ್ಕೆ ಒತ್ತಿ ಗೋಪುರ ಕಟ್ಟಿದ್ದು, ಇನ್ನೊಂದಕ್ಕೆ ಅದಕ್ಕೂ ಹೆಚ್ಚು. ಅವುಗಳ ಜೊತೆಗೇ ಹನ್ನೆರಡು ಜಾಡಿಗಳನ್ನೂ ಒತ್ತಿದ ಬೂದಿಯ ಮೆರುಗಿನಲ್ಲಿ ಅದ್ದಿ ಇಟ್ಟೆ. ಬಿಲ್ಲೆ ನೋಡಿ ಆಮೇಲೆ ಜಾಡಿ ಅದ್ದಬಹುದಿತ್ತು. ಆದರೆ ಉಳಿದಿದ್ದು ಒಂದೇ ಸಲ, ನನ್ನ ತಾಳ್ಮೆಯೂ ಮುಗಿದಿತ್ತು.

ಆವಿಗೆ ಆರಿದ ಮೇಲೆ ಯಜಮಾನರು ಬಾಗಿಲ ಇಟ್ಟಿಗೆ ತೆಗೆದರು. ಮೊದಲನೆಯ ಬಿಲ್ಲೆ ಪಾಚಿ, ಎರಡನೆಯದು ಪರವಾಗಿಲ್ಲ, ನಾಲ್ಕನೆಯದು ಕರಗಿ ಹರಿದುಹೋಗಿತ್ತು. ಮೂರನೆಯದು ಮಾವಿನಕಾಯಿ! ಅದರ ಹಿಂದೆ ಹನ್ನೆರಡೂ ಜಾಡಿ, ಒಂದೇ ಬಸಿರಲ್ಲಿ ಹುಟ್ಟಿದ ಹಾಗೆ. ನಾನು ನಾಚಿಕೆ ಬಿಟ್ಟು ಕೂಗಿಬಿಟ್ಟೆ. ಬೀದಿಯವರೆಲ್ಲ ಹಿತ್ತಲಿಗೆ ಬಂದರು.

ಸಾಹುಕಾರರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಯಾವ ಊರಿನ ಮೇಸ್ತ್ರಿ ಕೈಯಲ್ಲಿ ಬಣ್ಣ ಹಾಕಿಸಿದ್ದು ಎಂದು ಕೇಳಿದರಂತೆ. "ನಮ್ಮನೆಯವಳೇ ಹಾಕಿದ್ದು" ಎಂದರಂತೆ ಇವರು. ಅದನ್ನು ಅವರ ಬಾಯಿಂದ ಮೂರು ಸಲ ಹೇಳಿಸಿಕೊಂಡೆ.

ಮಾರನೆಯ ದಿನ ನಾನು ಮೆರುಗು ಕಲಸಲು ಕೂತಾಗ ತೊಟ್ಟಿಯ ಪಕ್ಕದಲ್ಲಿ ಅತ್ತೆಯ ಹಿತ್ತಾಳೆ ಪಾವಿತ್ತು, ಹುಣಸೆಹಣ್ಣು ಹಾಕಿ ಬೆಳಗಿದ್ದು. ಒಳಗೆ ಹೋಗಿ ನೋಡಿದೆ. ಅಕ್ಕಿ ಡಬ್ಬದಲ್ಲಿ ನನ್ನ ತೆಂಗಿನ ಚಿಪ್ಪಿತ್ತು.