ಗ್ಯಾಸ್ಟ್ರಿಕ್‌ಗೆ ಪರಂಗಿ ಹಣ್ಣು

ರೇಷ್ಮೆಗೂಡು ಬೇಯುವ ವಾಸನೆ ಹೇಗಿರುತ್ತದೆ ಎಂದು ನಮ್ಮ ದೇವನಹಳ್ಳಿ ಪಕ್ಕದ ವಿಜಯಪುರದವರನ್ನು ಕೇಳಿದರೆ, ಯಾವ ವಾಸನೆ ಎಂದು ನಮ್ಮನ್ನೇ ಕೇಳುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ಮೂಗು ಮುಚ್ಚಿಕೊಂಡು ಓಡಾಡಿದ ನಾನೂ ಮೂರನೆಯ ವರ್ಷಕ್ಕೆ ಹಾಗೇ ಆಗಿಬಿಟ್ಟಿದ್ದೆ. ನಮ್ಮ ಹಿತ್ತಿಲ ಗೋಡೆಗೆ ಅಂಟಿಕೊಂಡೇ ಹಿಂದಿನ ಮನೆ ಅಜ್ಜಿಯ ಶೆಡ್ಡು. ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಆರಕ್ಕೆ ಒಲೆ ಹಚ್ಚಿ, ಕುದಿಯುವ ನೀರಿಗೆ ಗೂಡು ಸುರಿದು, ನಾಲ್ಕು ಹೆಂಗಸರನ್ನು ಕೂರಿಸಿಕೊಂಡು ನೂಲು ಬಿಚ್ಚಿಸುತ್ತಿದ್ದರು. ನಾನು ಬಸುರಿಯಾದ ಆರನೆಯ ವಾರ ಒಂದು ಬೆಳಿಗ್ಗೆ ಆ ವಾಸನೆ ಕಿಟಕಿಯಿಂದ ಒಳಗೆ ಬಂತು ನೋಡಿ, ಹಲ್ಲುಜ್ಜುತ್ತಿದ್ದ ಬ್ರಷ್ಷನ್ನು ಬಿಸಾಡಿ ಬಚ್ಚಲಿಗೆ ಓಡಿದೆ. ಒದ್ದೆ ಕಂಬಳಿ, ಹಳೇ ಮೀನು ಎರಡನ್ನೂ ಒಂದೇ ಹಂಡೆಯಲ್ಲಿ ಕುದಿಸಿದ ಹಾಗಿತ್ತು.

ಅಲ್ಲಿಂದ ದಿನಾ ಇದೇ ಕಥೆ. ಸಂಜೆ ಅದೇ ವಾಸನೆಗೆ ಏನೂ ಆಗುತ್ತಿರಲಿಲ್ಲ, ನನ್ನ ಹೊಟ್ಟೆಯ ತಕರಾರೆಲ್ಲ ಬೆಳಿಗ್ಗೆಯೇ. ವಾಂತಿ ನನ್ನದಾದರೂ ಭಯ ಅತ್ತೆಯದು. ಹಿಂದಿನ ವರ್ಷ ನಾನು ಬಸುರಿ ಎಂದು ಗೊತ್ತಾದ ದಿನವೇ ಅವರು ಸಂತೋಷ ತಡೆಯಲಾರದೆ ಬೀದಿಗೆಲ್ಲ ಸಕ್ಕರೆ ಹಂಚಿ ಬಂದಿದ್ದರು. ಹತ್ತನೆಯ ವಾರಕ್ಕೆ ಮಗು ಉಳಿಯಲಿಲ್ಲ. ಇದು ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಅತ್ತೆ ತಮ್ಮ ಬಾಯನ್ನೇ ಬೈದುಕೊಂಡರು. ಈ ಸಲ ಮೂರು ತಿಂಗಳು ತುಂಬುವ ತನಕ ನರಪಿಳ್ಳೆಗೂ ಹೇಳಕೂಡದು ಎಂದು ನನಗೂ ಗಂಡನಿಗೂ ಅಪ್ಪಣೆಯಾಯಿತು. ನಂಬಿಕೆ ಇತ್ತೋ ಇಲ್ಲವೋ, ಹೆದರಿಕೆಯಂತೂ ನನಗೂ ಇತ್ತು. ಒಪ್ಪಿದೆ.

ಆದರೆ ಹಿತ್ತಿಲ ಬಚ್ಚಲಲ್ಲಿ ದಿನಾ ಬೆಳಿಗ್ಗೆ ಒಬ್ಬಳು ಕರುಳು ಕಿತ್ತು ಬರುವ ಹಾಗೆ ಓಕರಿಸುತ್ತಿದ್ದರೆ ಬೀದಿಯವರೇನು ಕಿವುಡರೇ? ಕೇಳಿದವರಿಗೆಲ್ಲ ಅತ್ತೆ ಗ್ಯಾಸ್ಟ್ರಿಕ್ ಎಂದರು. ಸುಳ್ಳು ಹೇಳುವಾಗ ಸ್ವಲ್ಪ ಯೋಚನೆ ಮಾಡಬೇಡವೇ? ನಮ್ಮ ಬೀದಿಯಲ್ಲಿ ಗ್ಯಾಸ್ಟ್ರಿಕ್ ಇಲ್ಲದವರೂ ಇಲ್ಲ, ಅದಕ್ಕೆ ಮದ್ದು ಗೊತ್ತಿಲ್ಲದವರೂ ಇಲ್ಲ. ಒಬ್ಬರು ಇಂಗು ಕದಡಿದ ಮಜ್ಜಿಗೆ ತಂದರು, ಇನ್ನೊಬ್ಬರು ಸುಟ್ಟ ಬೆಳ್ಳುಳ್ಳಿ. ಲೋಕದಲ್ಲಿ ನಾರುವ ಪದಾರ್ಥವೆಲ್ಲ ಗ್ಯಾಸ್ಟ್ರಿಕ್‌ಗೆ ಒಳ್ಳೆಯದು ಎಂದು ನನಗೆ ಆಗ ತಿಳಿಯಿತು. ಅವರೆದುರು ನಕ್ಕು ನುಂಗಿ, ಅವರು ಗೇಟು ದಾಟಿದ ಕೂಡಲೇ ಬಚ್ಚಲು ಸೇರುತ್ತಿದ್ದೆ. ಗಂಡ ಬಾಗಿಲ ಹೊರಗೆ ನಿಂತು ನಿಧಾನ, ನಿಧಾನ ಎನ್ನುತ್ತಿದ್ದ, ನಾನೇನೋ ಸ್ಕೂಟರ್ ಓಡಿಸುತ್ತಿದ್ದೇನೆ ಎಂಬ ಹಾಗೆ. ಒಂದು ದಿನ ಚೊಂಬು ಎಸೆದೆ. ಆಮೇಲೆ ದೂರ ನಿಂತು ಹೇಳುತ್ತಿದ್ದ.

ಹೀಗೆ ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಹಿಂದಿನ ಮನೆ ಅಜ್ಜಿ ತಟ್ಟೆ ತುಂಬ ಪರಂಗಿ ಹಣ್ಣು ಹೆಚ್ಚಿಕೊಂಡು ಬಂದರು. ಗ್ಯಾಸ್ಟ್ರಿಕ್‌ಗೆ ಇದಕ್ಕಿಂತ ಮದ್ದಿಲ್ಲವಂತೆ. ತಟ್ಟೆಯನ್ನು ನನ್ನ ಮುಂದಿಟ್ಟು ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತರು. ಅತ್ತೆಯ ಮುಖ ನೋಡಬೇಕಿತ್ತು. ಬಸುರಿ ಪರಂಗಿ ತಿಂದರೆ ಮಗು ನಿಲ್ಲುವುದಿಲ್ಲ ಎನ್ನುವುದು ನಮ್ಮ ಕಡೆ ಎಲ್ಲ ಮನೆಯ ಮಾತು. ಬೇಡ ಎಂದರೆ ಗುಟ್ಟು ರಟ್ಟು, ಹೂಂ ಎಂದರೆ ಮೊಮ್ಮಗುವಿಗೆ ಕುತ್ತು. ಅತ್ತೆಗೆ ಬಾಯಲ್ಲಿ ಬಿಸಿತುಪ್ಪ. ನಾನು ಒಂದು ಹೋಳಿಗೆ ಕೈ ಚಾಚಿದೆನೋ ಇಲ್ಲವೋ, ತಟ್ಟೆಯನ್ನೇ ಎಳೆದುಕೊಂಡರು.

“ನಂಗೂ ಬೆಳಿಗ್ಗೆಯಿಂದ ಅದೇ ಗ್ಯಾಸ್ಟ್ರಿಕ್ ಕಣಕ್ಕ,” ಎಂದು ಉಸಿರು ಬಿಡದೆ ಇಡೀ ತಟ್ಟೆ ಖಾಲಿ ಮಾಡಿದರು. ಅಜ್ಜಿ ಖಾಲಿ ತಟ್ಟೆ ತೆಗೆದುಕೊಂಡು ಹೊರಟುಹೋದರು. ಆವತ್ತು ಸಂಜೆಯವರೆಗೂ ಬಚ್ಚಲ ಕಡೆ ನನಗೆ ಜಾಗವೇ ಸಿಗಲಿಲ್ಲ.

ಆಶ್ಚರ್ಯವೆಂದರೆ ಮರುದಿನದಿಂದ ನನ್ನ ವಾಂತಿ ಇಳಿಯಿತು. ಸಂಕಟವಿತ್ತು, ಆದರೆ ಎದ್ದುಬಿದ್ದು ಓಡುವಂಥದ್ದಲ್ಲ. ಗಂಡನ ಸಲಹೆಯಂತೆ ಏಳುತ್ತಲೇ ಒಂದು ನಿಂಬೆಹಣ್ಣು ಮೂಸಲು ಶುರು ಮಾಡಿದ್ದೆ, ಕೆಲಸಕ್ಕೆ ಹೋಗುವ ಎಂಟೂಕಾಲಿನ ದೇವನಹಳ್ಳಿ ಬಸ್ಸಿನಲ್ಲೂ ಅದು ಕೈಯಲ್ಲೇ ಇರುತ್ತಿತ್ತು. ಎಲ್ಲ ನಿಂಬೆಹಣ್ಣಿನ ಮಹಿಮೆ ಎಂದುಕೊಂಡೆ. ಗಂಡ ಒಂದು ತಿಂಗಳು ದೊಡ್ಡ ಡಾಕ್ಟರ ಹಾಗೆ ಮನೆಯೆಲ್ಲ ಓಡಾಡಿದ.

ಮೂರು ತಿಂಗಳು ತುಂಬಿ, ಸ್ಕ್ಯಾನಿಂಗ್‌ನಲ್ಲಿ ಮಗು ಚೆನ್ನಾಗಿದೆ ಎಂದ ಮರುದಿನ ನಾನು ಕೆಲಸಕ್ಕೆ ರಜ ಹಾಕಿ ಮನೆಯಲ್ಲಿದ್ದೆ. ಎಂಟೂವರೆಗೆ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಾಗ ಗೋಡೆಯಾಚೆ ಶೆಡ್ಡಿನ ಹೆಂಗಸೊಬ್ಬಳು ಕೇಳಿದ್ದು ಕಿವಿಗೆ ಬಿತ್ತು.

“ಮೇಡಮ್ಮು ಬಸ್ ಹತ್ತಿರ್ತಾರೆ. ಒಲೆ ಹಚ್ಲಾ ಅಜ್ಜಿ?”

ಒದ್ದೆ ಬಟ್ಟೆ ಕೈಯಲ್ಲೇ ಉಳಿಯಿತು. ಐದು ವಾರದಿಂದ ಆರಕ್ಕೆ ಹತ್ತಬೇಕಾದ ಒಲೆ ನಾನು ಬೀದಿ ದಾಟುವವರೆಗೂ ಹತ್ತುತ್ತಿರಲಿಲ್ಲ. ಸಂಜೆ ಅವರೆಲ್ಲ ಕತ್ತಲಾಗುವ ತನಕ ದುಡಿಯುವುದನ್ನು ನೋಡಿ, ಗೂಡು ಜಾಸ್ತಿ ಬಂದಿರಬೇಕು ಎಂದುಕೊಂಡಿದ್ದೆ. ನನ್ನ ಪೆದ್ದು ತಲೆಗೆ ನಿಂಬೆಹಣ್ಣು ಬಿಟ್ಟು ಬೇರೇನೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಅತ್ತೆ ಸಕ್ಕರೆ ಡಬ್ಬಿ ಹಿಡಿದು ಮೊದಲು ಹಿಂದಿನ ಮನೆಗೇ ಹೊರಟರು. ನಾನೂ ಜೊತೆಗೆ ಹೋದೆ. ವಿಷಯ ಕೇಳಿದ ಅಜ್ಜಿ ಕೆನ್ನೆಗೆ ಕೈ ಹಚ್ಚಿ, ಒಂದು ಮಾತು ಹೇಳಬಾರದಾ ಎಂದು ಅತ್ತೆಯನ್ನೇ ಗದರಿಸಿದರು. ಶೆಡ್ಡಿನ ನಾಲ್ವರೂ ಆಶ್ಚರ್ಯಪಟ್ಟರು, ಒಬ್ಬಳು ಸ್ವಲ್ಪ ಜಾಸ್ತಿಯೇ ಪಟ್ಟಳು. ಗುಟ್ಟು ಕಾಪಾಡಿದ ಹೆಮ್ಮೆಯಲ್ಲಿ ಅತ್ತೆ ಮುಂದಿನ ಮನೆಗೆ ನಡೆದರು.

ನಾನು ಅಲ್ಲೇ ಉಳಿದೆ. ಪರಂಗಿ ತಂದದ್ದು ಪರೀಕ್ಷೆ ಮಾಡಲಿಕ್ಕಾ ಎಂದು ಅಜ್ಜಿಯನ್ನು ಕೇಳಿದೆ. ನಕ್ಕರು. ಅತ್ತೆ ತಡೆಯದಿದ್ದರೆ ತಾವೇ ನನ್ನ ಕೈ ಹಿಡಿಯಲೆಂದು ಎದುರಿಗೆ ಕೂತಿದ್ದರಂತೆ. ಗೊತ್ತಾದ ಮೇಲೂ ಒಂದು ಮಾತು ಆಡಲಿಲ್ಲವಲ್ಲ, ಯಾಕೆ ಎಂದೆ. ಅವರ ನಗು ನಿಂತಿತು. ಬಿಸಿನೀರಿಗೆ ಬೆಂದು ಬೆಳ್ಳಗಾದ ಅಂಗೈಯಲ್ಲಿ ಅತ್ತೆ ಕೊಟ್ಟ ಸಕ್ಕರೆ ಹಾಗೇ ಇತ್ತು.

“ಹೋದ್ಸಲ ನಿಮ್ಮತ್ತೆ ಕೈಯಿಂದ ಮೊದ್ಲು ಸಕ್ಕರೆ ತಿಂದೋಳು ನಾನೇ ಕಣವ್ವ. ನನ್ ಕಣ್ಣೇ ತಾಗ್ತೇನೋ ಅಂತ ಒಂದ್ ವರ್ಷದಿಂದ ನಿನ್ ಮುಖ ನೋಡಕ್ಕೂ ಹೆದರ್ತಿದ್ದೆ.”

ನನಗೆ ಅಳು ಬಂತು. ಆ ಸಕ್ಕರೆಯನ್ನು ಎತ್ತಿ ನಾನೇ ಅವರ ಬಾಯಿಗೆ ಹಾಕಿದೆ. ಅಷ್ಟರಲ್ಲಿ ಹಚ್ಚಿದ್ದ ಒಲೆಯ ಮೇಲೆ ಗೂಡು ಬೆಂದು ವಾಸನೆ ಎದ್ದಿತು. ಅಜ್ಜಿಯ ಬಚ್ಚಲಿಗೇ ಓಡಿ, ಬಾಯಿಗೆ ಸೆರಗು ಅಡ್ಡ ಹಿಡಿಯದೆ, ಇಡೀ ಬೀದಿಗೆ ಕೇಳುವ ಹಾಗೆ ವಾಂತಿ ಮಾಡಿಕೊಂಡೆ.