ಪದ್ಮತ್ತೆಯ ಅಂತರಿಕ್ಷ ನೌಕೆ

ಡ್ರೈಯರಿನಿಂದ ಆಗತಾನೇ ತೆಗೆದ ಹತ್ತಿಬಟ್ಟೆಯ ಬಿಸಿ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಅಂತರಿಕ್ಷ ನೆನಪಾಗುತ್ತದೆ. ಕಾರಣ, ನನ್ನ ಸೋದರತ್ತೆ ಪದ್ಮ. ಸ್ವೀಡನ್ನಿನ ಸೋಲ್ನಾದ ನಮ್ಮ ಮನೆಯಲ್ಲೇ ಇದ್ದ ಅವರು ವಾರವಿಡೀ ಆಫೀಸಿನಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕಿ, ಭಾನುವಾರ ಕನ್ನಡದಲ್ಲಿ ವಿಜ್ಞಾನ ಕಥೆ ಬರೆಯುತ್ತಿದ್ದರು. ಬೆಂಗಳೂರಿನಲ್ಲಿ ಅಚ್ಚಾದ ಅವರ ಏಕೈಕ ಪುಸ್ತಕದ ಪ್ರತಿಗಳು ಬಹುಪಾಲು ನಮ್ಮ ಮಂಚದ ಕೆಳಗೇ ಯೋಗನಿದ್ರೆಯಲ್ಲಿದ್ದವು. ಎಚ್ಚರವಿದ್ದ ಓದುಗವೃಂದವೆಂದರೆ ನಾನು, ನನ್ನ ತಂಗಿ ಮತ್ತು ಕಟ್ಟಡದ ನೆಲಮಾಳಿಗೆಯಲ್ಲಿದ್ದ, ಎಲ್ಲ ಮನೆಗಳಿಗೂ ಸೇರಿದ ವಾಷಿಂಗ್ ಮಷೀನುಗಳು. ನಮ್ಮ ಪಾಳಿ ಬಂದಾಗ ಅತ್ತೆ ಅಲ್ಲಿಯ ಬೆಂಚಿನ ಮೇಲೆ ಕೂತು ಓದಿ ಹೇಳುತ್ತಿದ್ದರು. ಮಷೀನು ಗಿರ್ರೆಂದು ನಡುಗಿದಾಗ ನೌಕೆ ನೆಲ ಬಿಟ್ಟಿತೆಂದೇ ನಾವು ಬೆಂಚು ಹಿಡಿದುಕೊಳ್ಳುತ್ತಿದ್ದೆವು. "ಅಕ್ಕಾ, ನಿನ್ ರಾಕೆಟ್ಟು ಸೋಪಿನ ಪುಡೀಲಿ ಓಡತ್ತಾ?" ಎಂದು ಅಪ್ಪ ಕೆಣಕಿದರೆ, "ನಿನ್ ಕಾರಿಗಿಂತ ಚೆನ್ನಾಗಿ ಓಡತ್ತೆ ಬಿಡು" ಎನ್ನುತ್ತಿದ್ದರು.

ಒಗೆದಾದ ಮೇಲೆ, ಮುಂದಿನ ಪಾಳಿಗೆ ಬರುವ, ನಾವು ಮುಖವನ್ನೇ ನೋಡದ ನೆರೆಯವರಿಗಾಗಿ ಡ್ರೈಯರಿನ ಜಾಲರಿಯಲ್ಲಿ ಸಿಕ್ಕ ನಾರು ತೆಗೆದು, ನೆಲ ಒರೆಸಿ ಹೊರಡುವುದು ಅಲ್ಲಿನ ಧರ್ಮ. ಅತ್ತೆಗೆ ತಮ್ಮ ಮಹಾಕೃತಿ ಹೊಳೆದದ್ದು ಅದರಿಂದಲೇ: ಒಂದು ನೌಕೆ, ಶತಮಾನಗಳ ಪಯಣ, ಎಲ್ಲರೂ ನಿದ್ದೆಯಲ್ಲಿ, ಒಮ್ಮೆಗೆ ಒಬ್ಬರೇ ಎಚ್ಚರ. ತನ್ನ ವರ್ಷ ಮುಗಿದಾಗ ಪ್ರತಿಯೊಬ್ಬರೂ ಮುಂದೆ ಏಳುವವರಿಗೆ ಅಡುಗೆ ಮಾಡಿ, ಮುಚ್ಚಿಟ್ಟು ಮಲಗಬೇಕು. ಎಂದೂ ಭೇಟಿಯಾಗದೆ, ಉಪ್ಪುಖಾರದಲ್ಲೇ ಒಬ್ಬರನ್ನೊಬ್ಬರು ಗುರುತಿಸುವ ಆ ಜನರ ಕಥೆಯನ್ನು ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ನಕ್ಷತ್ರಗಳು ನನಗೆ ಅಷ್ಟು ಹತ್ತಿರ ಬಂದದ್ದು ಮತ್ತೆಂದೂ ಇಲ್ಲ.

ಆ ವರ್ಷದ ಯುಗಾದಿ ಕೂಟದಲ್ಲಿ, ಮಕ್ಕಳ ಡ್ಯಾನ್ಸಿಗೂ ಊಟಕ್ಕೂ ನಡುವೆ, ಅದನ್ನು ಓದಲು ಅತ್ತೆಗೆ ಅವಕಾಶ ಸಿಕ್ಕಿತು. "ದೊಡ್ಡೋರು ಒಬ್ರಾದ್ರೂ ಕೊನೇತನಕ ಕೇಳದಿದ್ರೆ ಇನ್ಮೇಲೆ ಬರೆಯಲ್ಲ" ಎಂದು ಬೆಳಗ್ಗೆಯೇ ಘೋಷಿಸಿದ್ದರು. ನಗುತ್ತಲೇ ಹೇಳಿದರೂ ಹಾಳೆಗಳನ್ನು ಮತ್ತೆ ಮತ್ತೆ ಎಣಿಸಿದ್ದರು. ನೌಕೆಯಲ್ಲಿ ಮಲಗಿದ್ದ ಕಟ್ಟಕಡೆಯ ಹೆಂಗಸಿನ ಸರದಿ ಬರುವಷ್ಟರಲ್ಲಿ ಹೋಳಿಗೆಯ ಡಬ್ಬಿ ತೆರೆಯಿತು. ದೂರದ ಮಾಲ್ಮೋದಿಂದ ಬಂದಿದ್ದ ಗಣ್ಯರನ್ನು ಮುಂದಿಟ್ಟುಕೊಂಡು ಕನ್ನಡ ಕುಲಕೋಟಿ ತಟ್ಟೆಗಳ ಕಡೆ ನಡೆಯಿತು. ಅತ್ತೆ ಹಾಳೆ ಮಡಿಸತೊಡಗಿದರು. ಆಗ, ಗಂಡನ ಅಕ್ಕ ಬರೆದ ಒಂದಕ್ಷರವನ್ನೂ ಅದುವರೆಗೆ ಓದಿರದ ನನ್ನ ಅಮ್ಮ, ಚಿತ್ರಾನ್ನದ ಸೌಟು ಹಿಡಿದೇ ವೇದಿಕೆಯ ಹತ್ತಿರ ಬಂದರು.

"ಪದ್ಮಕ್ಕ, ಅವಳು ಎದ್ಳಾ ಇಲ್ವಾ? ಹೇಳಿ. ಊಟ ಕಾಯ್ಲಿ."

ಅತ್ತೆ ಓದಿದರು. ಅವಳು ಎದ್ದಳು, ಉಂಡಳು, ತನ್ನ ವರ್ಷ ಕಳೆದಳು. ತನ್ನ ನಂತರ ಏಳುವವರು ಯಾರೂ ಇಲ್ಲವೆಂದು ತಿಳಿದೂ ಅನ್ನ ಸಾರು ಮಾಡಿ, ಮುಚ್ಚಿಟ್ಟು ಮಲಗಿದಳು. ಕಥೆ ಮುಗಿದ ಮೇಲೆ ಅಮ್ಮ ಒಂದು ತಟ್ಟೆಗೆ ಚಿತ್ರಾನ್ನ ಬಡಿಸಿ ಅತ್ತೆಯ ಕೈಗಿಟ್ಟರು.

ಅತ್ತೆ ಆಮೇಲೂ ಬರೆದರು, ಯಾರೂ ಅಚ್ಚು ಹಾಕಲಿಲ್ಲ. ಈಗ ಅವರಿಲ್ಲ, ಸೋಲ್ನಾದ ಆ ಮನೆಯೂ ಬೇರೆಯವರದು. ಅಮ್ಮ ಮಾತ್ರ ಒಮ್ಮೊಮ್ಮೆ, ಅಕ್ಕಿ ತೊಳೆಯುತ್ತಾ, ಕೈ ನಿಲ್ಲಿಸಿ ಕೇಳುತ್ತಾರೆ: "ಯಾರೂ ಇಲ್ಲ ಅಂತ ಗೊತ್ತಿದ್ದೂ ಯಾಕೆ ಅಡುಗೆ ಮಾಡಿದ್ಲು ಅವಳು? ಆವತ್ತೇ ಕೇಳ್ಬೇಕಿತ್ತು."